ಒತ್ತಕ್ಷರಕ್ಕೆ ಜಾಗ ಹುಡುಕುತ್ತ: ನನ್ನ ಪುಟ್ಟ ಬೋರ್ಡಿಗೆ ಪ್ರೊಸೆಸರ್ ಆರಿಸಿದ ಬಗೆ

ಕೀಬೋರ್ಡ್ ಮತ್ತು ಹಳೆಯ ಮಾನಿಟರ್ ಸಿಕ್ಕಿಸಿ ವಿದ್ಯುತ್ ಕೊಟ್ಟೊಡನೆ ಬೇಸಿಕ್ ಭಾಷೆಯ ಕರ್ಸರ್ ಮಿನುಗಬೇಕು, ಪರದೆಯ ಮೇಲೆ ಕನ್ನಡ ಓದುವಂತಿರಬೇಕು, ಬಿಡಿಭಾಗಗಳ ವೆಚ್ಚ 800 ರೂಪಾಯಿ ದಾಟಬಾರದು ಎಂಬ ಮೂರು ಷರತ್ತುಗಳನ್ನು ಹಾಕಿಕೊಂಡು ಈ ಪುಟ್ಟ ಕಂಪ್ಯೂಟರ್ ಬೋರ್ಡಿನ ಕೆಲಸಕ್ಕೆ ಕೈಹಾಕಿದೆ. ಹಳೆಯ ಮಾನಿಟರೇ ಏಕೆಂದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಜಿಎ ಎಂಬ ಹಳೆಯ ಬಗೆಯ ವಿಡಿಯೊ ಸಾಕೆಟ್ಟಿನ ಬಳಸಿದ ಮಾನಿಟರುಗಳು ಅಗ್ಗವಾಗಿ ಸಿಗುತ್ತವೆ. ಮಾಡಬೇಕಿದ್ದುದು ಕೇವಲ ಐವತ್ತು ಬೋರ್ಡು.

ಮನಸ್ಸು ಮೊದಲು ಹೋದದ್ದು ಹಳೆಯ 8 ಬಿಟ್ ಚಿಪ್ಪುಗಳ ಕಡೆಗೆ. ಕಾಲೇಜಿನ ಪ್ರಯೋಗಾಲಯದಲ್ಲಿ 8085 ಪ್ರೊಸೆಸರಿನ ಕಿಟ್ಟಿನ ಗುಂಡಿಗಳನ್ನು ಒತ್ತಿ ಒತ್ತಿ ಕಲಿತವರಿಗೆ ಆ ಮೋಹ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದರ ಹತ್ತಿರದ ಬಂಧುವಾದ ಝೈಲಾಗ್ ಕಂಪನಿಯ ಜೆಡ್80ಕ್ಕೆ ನಕ್ಷೆ ಬರೆಯತೊಡಗಿದರೆ, ರ್‍ಯಾಮ್, ಪ್ರೋಗ್ರಾಂ ಉಳಿಸಿಡುವ ಈಪ್ರಾಮ್, ಮೆಮೊರಿಯ ವಿಳಾಸ ಬಿಡಿಸುವ ಚಿಪ್ಪು, ಸೀರಿಯಲ್ ಚಿಪ್ಪು, ಕ್ಲಾಕ್ ಹೀಗೆ ಕಾಗದ ತುಂಬುತ್ತ ಹೋಯಿತು; ವಿಡಿಯೊಗೆ ಬೇಕಾದ ಸಂಸಾರವೇ ಬೇರೆ. ಸಾಲದ್ದಕ್ಕೆ 2024ರ ಏಪ್ರಿಲ್‌ನಲ್ಲಿ ಆ ಚಿಪ್ಪಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು. ಒಬ್ಬ ಮಾರಾಟಗಾರರಿಂದ ತರಿಸಿದ ಹತ್ತು ಚಿಪ್ಪುಗಳನ್ನು ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿದಾಗ ನಾಲ್ಕರ ಮೇಲಿನ ಬರಹ ಅಳಿಸಿಹೋಯಿತು. ಹಳೆಯ ಬೋರ್ಡುಗಳಿಂದ ಕಿತ್ತು, ಮೈ ಕೆರೆದು, ಹೊಸ ಹೆಸರು ಅಚ್ಚೊತ್ತಿದ ಸರಕು ಅದು. ಅಲ್ಲಿಗೆ ಆ ಆಸೆಯನ್ನು ಕೈಬಿಟ್ಟೆ.

ಆಯ್ಕೆಯನ್ನು ನಿಜವಾಗಿ ನಿರ್ಧರಿಸಿದ್ದು ಕನ್ನಡ ಲಿಪಿ. ಇಂಗ್ಲಿಷ್ ಅಕ್ಷರಕ್ಕೆ 8×8 ಚುಕ್ಕೆಗಳ ಚೌಕ ಸಾಕಾಗುತ್ತದೆ. ‘ಸ್ತ್ರೀ’ ಎಂದು ಬರೆಯಬೇಕಾದರೆ ಗುಡಿ ಮೇಲಕ್ಕೆ, ಎರಡು ಒತ್ತು ಕೆಳಕ್ಕೆ, ದೀರ್ಘ ಪಕ್ಕಕ್ಕೆ ಚಾಚುತ್ತವೆ. ಚೌಕಳಿ ಹಾಳೆಯಲ್ಲಿ ಚುಕ್ಕೆ ತುಂಬಿ ನೋಡಿದಾಗ, 24 ಚುಕ್ಕೆಗಳಿಗಿಂತ ಎತ್ತರ ಕಡಿಮೆಯಾದರೆ ಒತ್ತುಗಳು ಕಲಸಿಹೋಗುತ್ತಿದ್ದವು. ಹಾಗಾದರೆ 320×240ರ ಪರದೆಯಲ್ಲಿ ಹತ್ತೇ ಸಾಲು ಹಿಡಿಯುತ್ತದೆ, ಅಷ್ಟರಲ್ಲಿ ಪ್ರೋಗ್ರಾಂ ಬರೆಯಲಾಗದು. 640×480ರಲ್ಲಿ ಇಪ್ಪತ್ತು ಸಾಲು ಸಿಗುತ್ತದೆ. ಅಕ್ಷರಗಳ ಅಗಲವೂ ಒಂದೇ ಸಮನಾಗಿಲ್ಲವಾದ್ದರಿಂದ ಪರದೆಯ ಪ್ರತಿಯೊಂದು ಚುಕ್ಕೆಯನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು: ಕಪ್ಪು-ಬಿಳುಪಿಗೆ 38,400 ಬೈಟ್, 16 ಬಣ್ಣಕ್ಕೆ 1,53,600 ಬೈಟ್, 256 ಬಣ್ಣಕ್ಕೆ 3,07,200 ಬೈಟ್.

ಈ ಮೂರು ಸಂಖ್ಯೆಗಳನ್ನು ಗೋಡೆಗೆ ಅಂಟಿಸಿದ ಮೇಲೆ ನೋಡುತ್ತಿದ್ದ ಚಿಪ್ಪುಗಳ ಪಟ್ಟಿ ತಾನಾಗಿ ಕಿರಿದಾಯಿತು. 20 ಕಿಲೊಬೈಟ್ ರ್‍ಯಾಮ್‌ನ ಎಸ್‌ಟಿಎಂ32ಎಫ್103ಸಿ8 ಕಪ್ಪು-ಬಿಳುಪಿಗೂ ಸಾಲದು. ಇಎಸ್‌ಪಿ32ರಲ್ಲಿ 520 ಕಿಲೊಬೈಟ್ ಇದೆಯಾದರೂ ಅದು ಒಂದೇ ಅಖಂಡ ತುಂಡಾಗಿ ಸಿಗುವುದಿಲ್ಲ, ಮೊದಲ ತಲೆಮಾರಿನ ಆ ಚಿಪ್ಪಿನಲ್ಲಿ ಯುಎಸ್‌ಬಿ ಇಲ್ಲ, ಮತ್ತು ಅದರಲ್ಲಿರುವಂತೆ ವೈಫೈ ರೇಡಿಯೊ ಇರುವ ಸಲಕರಣೆಯನ್ನು ಮಾರಲು ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ತರಂಗಾಂತರ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ವೈಫೈ ಬೇಡವಾದ ಬೋರ್ಡಿಗೆ ಆ ಓಡಾಟ ಏಕೆ? ಲಿನಕ್ಸ್ ಎಂಬ ದೊಡ್ಡ ಕಾರ್ಯಾಚರಣೆ ವ್ಯವಸ್ಥೆಯನ್ನು ಓಡಿಸುವ ಚಿಪ್ಪುಗಳು ವಿದ್ಯುತ್ ಕೊಟ್ಟ ಮೇಲೆ ಎಚ್ಚರಗೊಳ್ಳಲು ಹೊತ್ತು ಹಿಡಿಯುತ್ತವೆಂದು ಬಿಟ್ಟೆ.

ಉಳಿದದ್ದು ರಾಸ್ಪ್‌ಬೆರಿ ಪೈ ಸಂಸ್ಥೆಯವರು 2021ರಲ್ಲಿ ತಂದ ಆರ್‌ಪಿ2040. ಅದರ 264 ಕಿಲೊಬೈಟಿನಲ್ಲಿ 16 ಬಣ್ಣದ ಪರದೆಗೆ ಕೊಟ್ಟೂ ಬೇಸಿಕ್‌ಗೆ ಲಕ್ಷಕ್ಕೂ ಹೆಚ್ಚು ಬೈಟ್ ಉಳಿಯುತ್ತದೆ. ಯುಎಸ್‌ಬಿ ಹೋಸ್ಟ್ ಒಳಗೇ ಇರುವುದರಿಂದ ಸಾಮಾನ್ಯ ಕೀಬೋರ್ಡ್ ನೇರವಾಗಿ ಸಿಕ್ಕಿಸಬಹುದು. ನನಗೆ ಮೆಚ್ಚುಗೆಯಾದದ್ದು ಪಿನ್ನುಗಳನ್ನು ತಾವೇ ಸ್ವತಂತ್ರವಾಗಿ ಆಡಿಸುವ ಅದರ ಪಿಐಒ ಘಟಕಗಳು. ವಿಜಿಎಗೆ ಸೆಕೆಂಡಿಗೆ 2.5175 ಕೋಟಿ ಚುಕ್ಕೆ ಬೇಕು. ಚಿಪ್ಪಿನ ಕ್ಲಾಕಾದ 125 ಮೆಗಾಹರ್ಟ್ಸ್ ಅನ್ನು ಐದರಿಂದ ಭಾಗಿಸಿದರೆ 2.5 ಕೋಟಿ. ನಾನು ಪರೀಕ್ಷಿಸಿದ ಮಾನಿಟರುಗಳೆಲ್ಲ ಆ ಚಿಕ್ಕ ವ್ಯತ್ಯಾಸವನ್ನು ತಕರಾರಿಲ್ಲದೆ ಒಪ್ಪಿಕೊಂಡವು. ಕೋರ್‌ಗಳ ನೆರವಿಲ್ಲದೆ ಡೇಟಾ ಸಾಗಿಸುವ ಡಿಎಂಎ ಘಟಕ ಮೆಮೊರಿಯಿಂದ ಚುಕ್ಕೆಗಳನ್ನು ಎತ್ತಿ ಕೊಡುತ್ತದೆ, ಪಿಐಒ ಅವನ್ನು ಪಿನ್ನುಗಳಿಗೆ ಹಾಕುತ್ತದೆ, ಎರಡು ಕೋರ್‌ಗಳೂ ಬಹುಮಟ್ಟಿಗೆ ಬಿಡುವಾಗಿರುತ್ತವೆ. ವಿಡಿಯೊ ಚಿಪ್ಪಿನ ಜಾಗದಲ್ಲಿ ಉಳಿದದ್ದು ಕೆಲವು ರೆಸಿಸ್ಟರು ಮಾತ್ರ.

ಕೊರತೆಗಳೂ ಇವೆ. ಪ್ರೋಗ್ರಾಂ ಉಳಿಸಿಡುವ ಫ್ಲ್ಯಾಶ್ ಮೆಮೊರಿ ಒಳಗಿಲ್ಲ; 2 ಮೆಗಾಬೈಟಿನ ಚಿಪ್ಪೊಂದನ್ನು ಪಕ್ಕದಲ್ಲಿ ಕೂರಿಸಬೇಕಾಯಿತು. ದಶಮಾಂಶದ ಲೆಕ್ಕಕ್ಕೆ ಹಾರ್ಡ್‌ವೇರ್ ಇಲ್ಲದ ಕಾರಣ ಸೈನ್ ಅಲೆ ಬರೆಯುವ ಪ್ರೋಗ್ರಾಂ ಆಮೆಯಂತೆ ಸಾಗುತ್ತದೆ. ಪಿನ್ನುಗಳ ನಡುವೆ 0.4 ಮಿಲಿಮೀಟರ್ ಅಂತರ, ಹೊಟ್ಟೆಯಡಿ ಗ್ರೌಂಡ್ ಸಂಪರ್ಕದ ಪ್ಯಾಡ್. ಮೊದಲ ಐದು ಬೋರ್ಡುಗಳಿಗೆ ನಾನೇ ಬಿಸಿಗಾಳಿಯಿಂದ ಬೆಸುಗೆ ಹಾಕಿದಾಗ ಎರಡರಲ್ಲಿ ಆ ಪ್ಯಾಡ್ ಅಂಟಿರಲಿಲ್ಲ. ಇನ್ನೊಂದು ಬೋರ್ಡು ಕೆಲವೊಮ್ಮೆ ಎಚ್ಚರಗೊಳ್ಳುತ್ತಿತ್ತು, ಕೆಲವೊಮ್ಮೆ ಇಲ್ಲ. ನಾಲ್ಕು ಸಂಜೆ ಫ್ಲ್ಯಾಶನ್ನು ದೂರಿದ ಬಳಿಕ ತಿಳಿಯಿತು, ಕ್ಲಾಕಿಗೆ ತಾಳ ಕೊಡಲು ಶಿಫಾರಸು ಮಾಡಿದ ಕ್ರಿಸ್ಟಲಿನ ಬದಲು ಪೆಟ್ಟಿಗೆಯಲ್ಲಿದ್ದ ಬೇರೊಂದು 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದ್ದೆ, ಅದು ಸ್ಥಿರಗೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಸಾಫ್ಟ್‌ವೇರಿನಲ್ಲಿ ಕಾಯುವ ಅವಧಿಯನ್ನು 64 ಪಟ್ಟು ಮಾಡಿದಾಗ ಸರಿಹೋಯಿತು.

2024ರ ಆಗಸ್ಟ್‌ನಲ್ಲಿ ಆರ್‌ಪಿ2350 ಎಂಬ ಮುಂದಿನ ಚಿಪ್ಪು ಬಂತು: 520 ಕಿಲೊಬೈಟ್ ಮೆಮೊರಿ, ದಶಮಾಂಶದ ಹಾರ್ಡ್‌ವೇರ್, ಅಂದರೆ 256 ಬಣ್ಣಕ್ಕೆ ಜಾಗ, ಸೈನ್ ಅಲೆಯ ಆಮೆ ನಡಿಗೆಗೆ ಉತ್ತರ. ಆದರೆ ಪಿನ್ನುಗಳ ಜೋಡಣೆ ಬೇರೆ, ಜೊತೆಗೆ ಮೊದಲ ಆವೃತ್ತಿಯಲ್ಲಿ ಪುಲ್‌ಡೌನ್ (ಪಿನ್ನನ್ನು ಸೊನ್ನೆಗೆ ಎಳೆಯುವ ಒಳಗಿನ ರೆಸಿಸ್ಟರು) ಹಾಕಿದ ಪಿನ್ನು ಸೊನ್ನೆಗಿಳಿಯದೆ ಮಧ್ಯದ ವೋಲ್ಟೇಜಿನಲ್ಲಿ ಸಿಕ್ಕಿಕೊಳ್ಳುವ ದೋಷವಿತ್ತು. ಆ ಹೊತ್ತಿಗೆ ಐವತ್ತು ಬೋರ್ಡುಗಳ ಆರ್ಡರ್ ಹೋಗಿಯಾಗಿತ್ತು. ಮಾದರಿಗೆಂದು ತರಿಸಿದ ಎರಡು ಹೊಸ ಚಿಪ್ಪುಗಳು ಮೇಜಿನ ಡ್ರಾಯರಿನಲ್ಲಿವೆ.