ಊಟದ ಮೇಲಿನ ಹದಿನೈದು ನಿಮಿಷ

ಕಳೆದ ತಿಂಗಳ ಪರೀಕ್ಷೆಯಲ್ಲಿ, ಸುಮಾರು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆಯನ್ನು ತೋರಿಸುವ ನನ್ನ ಎಚ್‌ಬಿಎ1ಸಿ 5.6 ಬಂದಿದೆ. ಎರಡು ವರ್ಷಗಳ ಹಿಂದೆ ಅದು 6.2 ಇತ್ತು, 6.5 ಮುಟ್ಟಿದರೆ ಮಧುಮೇಹವೆಂದೇ ಲೆಕ್ಕ. ಇದೇ ಕಾಯಿಲೆಯಿಂದ ಅಪ್ಪ ಕಾಲಿನ ಎರಡು ಬೆರಳು ಕಳೆದುಕೊಂಡಾಗ ಬೆಳಗ್ಗೆ ಸಂಜೆ ಆ ಗಾಯಕ್ಕೆ ಬಟ್ಟೆ ಕಟ್ಟಿದವನು ನಾನೇ ಆದುದರಿಂದ, ಆ 6.2ರ ವರದಿ ಕೈಗೆ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಂಗಳೂರಿನ ಹಂಪನಕಟ್ಟೆಯ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯೇ ಗತಿ.

ಮೊದಲು ಎಲ್ಲರಂತೆ ಬೆಳಗ್ಗೆ ಐದೂವರೆಗೆ ಕದ್ರಿ ಪಾರ್ಕಿಗೆ ಹೋದೆ. ಮಾರ್ಚ್‌ನಿಂದ ಮೇವರೆಗೆ ಸರಿಯಾಗಿ ನಡೆಯಿತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ವಾರಕ್ಕೆ ಎರಡು ದಿನವಾಯಿತು, ಜುಲೈ-ಆಗಸ್ಟ್ ನಡುವಿನ ಆಟಿ ತಿಂಗಳಲ್ಲಿ ಪೂರ್ತಿ ನಿಂತಿತು. ಆಗ ಸುಮಾರು 34,000 ರೂಪಾಯಿ ಕೊಟ್ಟು ಟ್ರೆಡ್‌ಮಿಲ್ ತಂದೆ. ಅದು ಎಂಟು ತಿಂಗಳಿಗೇ ಕೆಟ್ಟಿತು, ರಿಪೇರಿಗೆ 6,000 ಕೇಳಿದರು, ಕೊನೆಗೆ 12,000ಕ್ಕೆ ಮಾರಿದೆ. ಹೋದ 22,000 ರೂಪಾಯಿ ನನ್ನಂಥವನಿಗೆ ಸಣ್ಣ ಮೊತ್ತವಲ್ಲ.

ನಡಿಗೆಗೆಂದು ಬೇರೆ ಹೊತ್ತು ಇಟ್ಟುಕೊಂಡದ್ದೇ ತಪ್ಪೆಂದು ಆಮೇಲೆ ಹೊಳೆಯಿತು. ಯಾವ ದಿನವೂ ತಪ್ಪದ ಊಟಕ್ಕೂ ಬಸ್ಸಿಗೂ ಅದನ್ನು ಗಂಟು ಹಾಕಿದೆ. ಬೆಳಗ್ಗೆ ಲಾಲ್‌ಬಾಗ್‌ನಲ್ಲೇ ಇಳಿದು ಅಂಗಡಿಗೆ ಇಪ್ಪತ್ತೈದು ನಿಮಿಷ ನಡೆಯುತ್ತೇನೆ. ಮಧ್ಯಾಹ್ನ ಮತ್ತು ರಾತ್ರಿ ಊಟ ಮಾಡಿ ಕೈ ತೊಳೆದೊಡನೆ ಹದಿನೈದು ಹದಿನೈದು ನಿಮಿಷ. ವಾರಕ್ಕೆ ಕನಿಷ್ಠ 150 ನಿಮಿಷವೆಂದು ವೈದ್ಯರು ಹೇಳಿದ್ದರು. ನನ್ನದು 300 ದಾಟುತ್ತದೆ. ಮಧ್ಯಾಹ್ನ ಗಿರಾಕಿಗಳ ಗದ್ದಲದಲ್ಲೂ ಹೊರಗೆ ಹೋಗಲು ಮಾಲೀಕರನ್ನು ಹೇಗೆ ಒಪ್ಪಿಸಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ.

"ಬೆವರು ಬಾರದೆ ಸಕ್ಕರೆ ಇಳಿಯುವುದುಂಟಾ ಭಾವ?" ಎಂದು ಹೆಂಡತಿಯ ಅಣ್ಣ ಮನೆಮಂದಿಯ ಮುಂದೆಯೇ ಕೇಳಿದ್ದರು. ಉತ್ತರ ಕೊಡಲೆಂದೇ ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಕೊಂಡೆ. ಬುತ್ತಿಯಲ್ಲಿ ಪ್ರತಿದಿನವೂ ಅದೇ ಎರಡು ಸೌಟು ಕುಚ್ಚಲಕ್ಕಿ ಅನ್ನ, ಅದೇ ಬಂಗುಡೆ ಸಾರು. ನಾಲ್ಕು ದಿನ ಉಂಡು ಕುಳಿತೆ, ನಾಲ್ಕು ದಿನ ಉಂಡು ನಡೆದೆ. ಮೊದಲ ತುತ್ತಿನಿಂದ ಒಂದು ಗಂಟೆಗೆ ನೋಡಿದರೆ ಕುಳಿತ ದಿನಗಳಲ್ಲಿ 165ರ ಆಸುಪಾಸು, ನಡೆದ ದಿನಗಳಲ್ಲಿ 135ರ ಆಸುಪಾಸು. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಎಂಬುದನ್ನು ನನ್ನ ಬೆರಳ ತುದಿಯ ರಕ್ತದಲ್ಲೇ ಕಂಡ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಒಂದು ಸ್ಟ್ರಿಪ್‌ಗೆ ಇಪ್ಪತ್ತು ರೂಪಾಯಿಯಂತೆ ತಗಲಿದ ಖರ್ಚು ಇನ್ನೂರರೊಳಗೆ. ಕಾಯಿಬೆಲ್ಲದೊಂದಿಗೆ ಐದು ನೀರುದೋಸೆ ತಿಂದ ದಿನ ನಡೆದರೂ 160 ತೋರಿಸಿತು. ಈಗ ದೋಸೆ ಮೂರೇ, ಬೆಲ್ಲವಿಲ್ಲ. ಊಟಕ್ಕೆ ಮೊದಲೇ ನಡೆದು ನೋಡಿದೆ, ಊಟದ ನಂತರದ ಅಂಕಿಯಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ.

ಮಳೆಗಾಲದಲ್ಲಿ ರಾತ್ರಿಯ ನಡಿಗೆ ಮನೆಯ ಜಗಲಿಯಲ್ಲೇ. ಉದ್ದ ಹದಿನಾಲ್ಕು ಹೆಜ್ಜೆ, ಹದಿನೈದು ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಸಲ ಈ ತುದಿಯಿಂದ ಆ ತುದಿಗೆ. ಯಾವಾಗಲೂ ಬಲಕ್ಕೇ ತಿರುಗುತ್ತಿದ್ದುದರಿಂದ ಬಲ ಮೊಣಕಾಲು ನೋಯಲಾರಂಭಿಸಿತು. ಒಂದು ತುದಿಯಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ತಿರುಗತೊಡಗಿದ ಮೇಲೆ ಎರಡು ವಾರದಲ್ಲಿ ಬಿಟ್ಟಿತು. ಈ ವರ್ಷದ ಆಟಿಯಲ್ಲಿ ನಡಿಗೆ ತಪ್ಪಿದ್ದು ಮೂರೋ ನಾಲ್ಕೋ ದಿನ.