ಇಂಟರ್ನೆಟ್ ಫೋನ್ ಹಾಕಿಸಿದಿರಾ? ತುರ್ತು ಕರೆ ಮೊದಲು, ಕಾನ್ಫರೆನ್ಸ್ ಆಮೇಲೆ

ಹೊಸ ದೇಶಕ್ಕೆ ಬಂದು ಮನೆ ಮಾಡಿದ ಮೇಲೆ ಅನೇಕರು ಇಂಟರ್ನೆಟ್ ಹಾಕಿಸಿ, ಅದಕ್ಕೊಂದು ಫೋನ್ ಅಡಾಪ್ಟರ್, ಅಂದರೆ ಮಾಮೂಲಿ ಫೋನನ್ನು ಇಂಟರ್ನೆಟ್ಟಿಗೆ ಸೇರಿಸುವ ಚಿಕ್ಕ ಪೆಟ್ಟಿಗೆ, ಜೋಡಿಸುತ್ತಾರೆ. ಊರಿಗೆ ಕಡಿಮೆ ಖರ್ಚಿನಲ್ಲಿ ಮಾತಾಡಬಹುದು, ಒಳ್ಳೆಯದೇ. ಆದರೆ ಡಯಲ್ ಟೋನ್ ಬಂತೆಂದರೆ ಕೆಲಸ ಮುಗಿಯಿತು ಅಂತಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರಂತೂ ಮೊದಲು ತುರ್ತು ಕರೆಯನ್ನು ಸರಿಮಾಡಿಕೊಳ್ಳಿ.

ಹಳೇ ಲ್ಯಾಂಡ್‌ಲೈನ್ ತಂತಿ ಒಂದೇ ಮನೆಗೆ ಹೋಗುತ್ತಿತ್ತು. ಕರೆ ಎಲ್ಲಿಂದ ಬಂತು ಅನ್ನೋದು ತಾನಾಗಿಯೇ ಗೊತ್ತಾಗುತ್ತಿತ್ತು. ಅಡಾಪ್ಟರ್ ಹಾಗಲ್ಲ. ಅದನ್ನು ಬ್ಯಾಗಿಗೆ ಹಾಕಿಕೊಂಡು ಬೇರೆ ಊರಿಗೆ ಹೋಗಿ ಸಿಕ್ಕಿಸಿದರೂ ಅದೇ ನಂಬರಿಗೆ ರಿಂಗ್ ಆಗುತ್ತದೆ. ಸಾಮಾನ್ಯವಾಗಿ ಕಂಪನಿಗೆ ಗೊತ್ತಿರೋದು ನೀವು ಬರೆದುಕೊಟ್ಟ ವಿಳಾಸ ಮಾತ್ರ. ಅದಕ್ಕೇ ಅಮೆರಿಕದಲ್ಲಿ 2005ರಲ್ಲಿ ನಿಯಮ ಮಾಡಿದರು: ಮಾಮೂಲಿ ಫೋನುಗಳ ಜೊತೆ ಮಾತಾಡಲು ಬಿಡುವ ಇಂಟರ್ನೆಟ್ ಫೋನ್ ಕಂಪನಿಗಳು 911, ಅಂದರೆ ಅಲ್ಲಿನ ತುರ್ತು ಕರೆಯ ಸೇವೆ ಕೊಡಬೇಕು, ಗ್ರಾಹಕರಿಂದ ವಿಳಾಸ ಬರೆಸಿಕೊಳ್ಳಬೇಕು. ನಿಮ್ಮ ಖಾತೆಯಲ್ಲಿ ತುರ್ತು ವಿಳಾಸ ಅಂತ ಬೇರೆಯೇ ಇರುತ್ತದೆ, ಬಿಲ್ ಬರುವ ವಿಳಾಸ ಸಾಲದು. ಅಪಾರ್ಟ್‌ಮೆಂಟ್ ನಂಬರ್ ಬಿಡದೆ ತುಂಬಿಸಿ. ಮನೆ ಬದಲಿಸಿದ ದಿನವೇ ಇದನ್ನೂ ಬದಲಿಸಿ.

ಸರಿಯಾಗಿದೆಯಾ ಅಂತ ನೋಡೋಕೆ ಸುಮ್ನೆ 911 ಒತ್ತಬೇಡಿ. ಅಮೆರಿಕದ ಹಲವು ಕಂಪನಿಗಳಲ್ಲಿ 933 ಒತ್ತಿದರೆ ದಾಖಲಾದ ವಿಳಾಸವನ್ನು ಓದಿ ಹೇಳುತ್ತದೆ. ಬೇರೆ ದೇಶದಲ್ಲಿದ್ದರೆ ಕಂಪನಿಯವರನ್ನೇ ಕೇಳಿ. ತುರ್ತು ನಂಬರುಗಳೂ ಬೇರೆ ಬೇರೆ: ಯುರೋಪಿನಲ್ಲಿ 112, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111.

ಅಡಾಪ್ಟರಿನ ಸೆಟ್ಟಿಂಗ್ಸ್‌ನಲ್ಲಿ ಡಯಲ್ ಪ್ಲಾನ್ ಅಂತ ಒಂದು ಸಾಲು ಇರುತ್ತದೆ. ಯಾವ ನಂಬರ್ ಯಾವ ದಾರಿಯಲ್ಲಿ ಹೋಗಬೇಕು ಅಂತ ಅದು ತೀರ್ಮಾನಿಸುತ್ತದೆ. ಊರಿಗೆ ಮಾತಾಡೋಕೆ ಒಂದು ಅಗ್ಗದ ಕಂಪನಿ, ಸ್ಥಳೀಯ ಕರೆಗೆ ಇನ್ನೊಂದು ಅಂತ ಇಟ್ಟುಕೊಂಡಿದ್ದರೆ ಇಲ್ಲಿ ಜಾಸ್ತಿ ಗಮನ ಕೊಡಿ. ತುರ್ತು ಸೇವೆ ಇರುವ ಕಂಪನಿಯ ಕಡೆಗೇ ಆ ನಂಬರ್ ಹೋಗಬೇಕು, ಅದೂ ಇನ್ನಷ್ಟು ಅಂಕಿಗೆ ಕಾಯದೆ ಹೋಗಬೇಕು. ಅಮೆರಿಕದಲ್ಲಿರುವವರು ದೆಹಲಿಗೆ ಮಾಡುವಾಗ ಹೊರದೇಶದ ಕರೆಗೆ ಮೊದಲು ಹಾಕುವ 011 ಮರೆತು ಭಾರತದ 91, ಆಮೇಲೆ ದೆಹಲಿಯ 11 ಅಂತ ಒತ್ತಿದರೆ ಮೂರನೇ ಅಂಕಿಗೇ 911 ಆಗಿಬಿಡುತ್ತದೆ. ಹಾಗಾದರೆ ಗಾಬರಿಯಿಂದ ಫೋನ್ ಇಡಬೇಡಿ. ತಪ್ಪಿ ಒತ್ತಿದೆ ಅಂತ ಹೇಳಿ, ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟು ಇಡಿ.

ಕರೆಂಟ್ ಹೋದರೆ ಮೋಡೆಮ್, ರೂಟರ್, ಅಡಾಪ್ಟರ್, ಕಾರ್ಡ್‌ಲೆಸ್ ಫೋನಿನ ಬೇಸ್ ನಾಲ್ಕೂ ನಿಲ್ಲುತ್ತವೆ. ಯುಪಿಎಸ್ ಕೊಂಡರೆ ನಾಲ್ಕಕ್ಕೂ ಸಾಲುವಂಥದ್ದನ್ನು ಕೊಳ್ಳಿ. ಚಾರ್ಜ್ ಆದ ಮೊಬೈಲ್ ಒಂದು ಕೈಗೆ ಸಿಗುವಂತೆ ಇರಲಿ.

ಇನ್ನು ಕಾನ್ಫರೆನ್ಸ್. ಅಣ್ಣ ಒಂದು ದೇಶ, ಅಮ್ಮ ಊರಲ್ಲಿ, ನೀವು ಇಲ್ಲಿ. ಮೂವರೂ ಒಟ್ಟಿಗೆ ಮಾತಾಡುವ ಖುಷಿ ಬೇರೆಯೇ ಅಲ್ವಾ? ಹೆಚ್ಚಿನ ಅಡಾಪ್ಟರುಗಳಲ್ಲಿ ಮೊದಲು ಅಮ್ಮನಿಗೆ ಮಾಡಿ, ಫೋನಿನ ಫ್ಲ್ಯಾಶ್ ಬಟನ್ ಒತ್ತಬೇಕು. ಅಮ್ಮನ ಕರೆ ಹೋಲ್ಡ್ ಆಗಿ ಹೊಸ ಡಯಲ್ ಟೋನ್ ಬರುತ್ತದೆ. ಅಣ್ಣನ ನಂಬರ್ ಹಾಕಿ, ಅವರು ಎತ್ತಿದ ಮೇಲೆ ಮತ್ತೆ ಫ್ಲ್ಯಾಶ್. ಮೂವರೂ ಸೇರುತ್ತೀರಿ. ಕೆಲವು ಅಡಾಪ್ಟರುಗಳಿಗೆ ಬೇರೆ ಕೋಡ್ ಬೇಕು, ಕೈಪಿಡಿ ನೋಡಿ. ಫ್ಲ್ಯಾಶ್ ಒತ್ತಿದಾಗ ಕರೆಯೇ ಕಟ್ ಆದರೆ, ಫೋನ್ ಕಳಿಸುವ ಫ್ಲ್ಯಾಶಿನ ಅವಧಿ ಅಡಾಪ್ಟರಿನ ಸೆಟ್ಟಿಂಗಿಗೆ ಹೊಂದುತ್ತಿಲ್ಲ ಅಂತ ಅರ್ಥ. ಸೆಟ್ಟಿಂಗ್ಸ್‌ನಲ್ಲಿ ಹುಕ್ ಫ್ಲ್ಯಾಶ್ ಟೈಮ್ ಹುಡುಕಿ, ಗರಿಷ್ಠ ಮಿತಿಯನ್ನು ಸ್ವಲ್ಪ ಹೆಚ್ಚಿಸಿ.

ಮೂವರ ದನಿಯನ್ನು ಬೆರೆಸುವುದು ಸಾಮಾನ್ಯವಾಗಿ ನಿಮ್ಮ ಅಡಾಪ್ಟರೇ. ಹಾಗಾಗಿ ನಿಮ್ಮ ಇಂಟರ್ನೆಟ್ಟಿನ ಮೇಲೆ ಎರಡು ಕರೆಯ ಹೊರೆ. ದನಿಯನ್ನು ಡಿಜಿಟಲ್ ಮಾಡುವ ವಿಧಾನಕ್ಕೆ ಕೋಡೆಕ್ ಅಂತಾರೆ. ಅದು ಜಿ.711 ಆಗಿದ್ದರೆ ಒಂದು ಕರೆಗೆ ಒಂದೊಂದು ದಿಕ್ಕಿಗೂ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಬೇಕು. ದನಿ ಕಡಿದು ಕಡಿದು ಬಂದರೆ ಅಪ್‌ಲೋಡ್ ವೇಗ ನೋಡಿ.

ಮನೆಯವರಿಗೆಲ್ಲ ಇದೊಂದು ತೋರಿಸಿಕೊಡಿ. ಕಾನ್ಫರೆನ್ಸಿನಲ್ಲಿ ಇರುವಾಗ ತುರ್ತು ನಂಬರ್ ಒತ್ತಿದರೆ ಕರೆ ಹೋಗುವುದಿಲ್ಲ, ಮಾತಿನ ನಡುವೆ ಬರೀ ಬೀಪ್ ಕೇಳಿಸುತ್ತದೆ. ಮೊದಲು ಫೋನ್ ಇಡಬೇಕು. ಚೂರು ಇಟ್ಟು ಎತ್ತಿದರೆ ಅಡಾಪ್ಟರ್ ಅದನ್ನೂ ಫ್ಲ್ಯಾಶ್ ಅಂತಲೇ ತಿಳಿದುಕೊಳ್ಳುತ್ತದೆ. ಎರಡು ಮೂರು ಸೆಕೆಂಡ್ ಪೂರ್ತಿ ಇಟ್ಟು, ಎತ್ತಿ, ಡಯಲ್ ಟೋನ್ ಕೇಳಿಸಿದ ಮೇಲೆ ಒತ್ತಬೇಕು. ಆ ಕಡೆಯವರು ಎತ್ತಿದ ಕೂಡಲೇ ಮೊದಲು ಮನೆ ವಿಳಾಸ ಹೇಳಬೇಕು.