ಜ್ಞಾನೋಕ್ತಿಯ 22ನೇ ತಾರೀಖು

ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚು 1792ರದು. ಅಷ್ಟು ಹಳೆಯ ಚರ್ಚಿಗೆ ಹೋಗುವವರಾದರೂ ನಮ್ಮ ಮನೆಯಲ್ಲಿ ಬೈಬಲ್ ಅಂದರೆ ಯೇಸುವಿನ ಪಟದ ಕೆಳಗೆ ಇಡುವ ಪುಸ್ತಕ. ಓದುವುದು ಫಾದರ್ ಕೆಲಸ ಅಂದುಕೊಂಡಿದ್ದೆ.

ನಾನು ಅದನ್ನು ಮೊದಲು ಕೈಗೆತ್ತಿಕೊಂಡಿದ್ದು ಕಾಫಿ ರೇಟಿಗಾಗಿ. ರೊಬಸ್ಟಾ ಈಗಲೇ ಮಾರಬೇಕೋ, ಇಟ್ಟುಕೊಳ್ಳಬೇಕೋ ಅಂತ ತಲೆ ಕೆಟ್ಟಿತ್ತು. ಕಣ್ಣು ಮುಚ್ಚಿ ಪುಸ್ತಕ ತೆರೆದು ಬೆರಳಿಟ್ಟೆ. ಸಿಕ್ಕಿದ್ದು ಪೂರ್ವಕಾಲವೃತ್ತಾಂತದ ಮೊದಲ ಪುಟ. ಆದಾಮ, ಸೇತ, ಎನೋಷ, ಬರೀ ಹೆಸರುಗಳು! ಫಾದರ್‌ಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ಇದೇನು ಗಿಳಿಶಾಸ್ತ್ರವಾ? ಬೈಬಲ್‌ನಲ್ಲೇ ಜ್ಞಾನೋಕ್ತಿಗಳು ಅಂತ ಒಂದು ಪುಸ್ತಕವಿದೆ, ಅದರಲ್ಲಿ 31 ಅಧ್ಯಾಯ. ತಾರೀಖು ನೋಡಿಕೊಂಡು ದಿನಕ್ಕೊಂದು ಓದು" ಅಂದರು.

ಬೆಳಿಗ್ಗೆ ಓದಲು ಹೋಗಿ ಸೋತೆ. ಕೊಯ್ಲಿನ ಸಮಯದಲ್ಲಿ ಐದು ಗಂಟೆಗೆ ಎದ್ದರೂ ಪುರುಸೊತ್ತಿಲ್ಲ. ರಾತ್ರಿ ಕಣದ ಕಾಫಿಗೆ ಟಾರ್ಪಾಲ್ ಹೊದಿಸಿ ಬಂದ ಮೇಲೆ ಹತ್ತು ನಿಮಿಷ ಅಂತ ಗೊತ್ತು ಮಾಡಿಕೊಂಡೆ. ಕೆಲವು ದಿನ ಏನೂ ತಟ್ಟುವುದಿಲ್ಲ. ಮುಚ್ಚಿಟ್ಟು ಮಲಗುತ್ತೇನೆ. ಜ್ಞಾನೋಕ್ತಿಯ ಜೊತೆಗೆ ಬೇರೆ ಕಡೆಯೂ ಒಂದೊಂದು ಅಧ್ಯಾಯ ಓದುತ್ತಾ ಹೋದೆ.

ಧರ್ಮೋಪದೇಶ ಕಾಂಡದ 24ನೇ ಅಧ್ಯಾಯ ಬಂದಾಗ ಸಿಕ್ಕಿಬಿದ್ದೆ. ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ಕೊಟ್ಟುಬಿಡು, ಅವನು ಬಡವ, ಅದನ್ನೇ ನಂಬಿಕೊಂಡಿರುತ್ತಾನೆ ಅಂತ ಅಲ್ಲಿದೆ. ನನ್ನ ಪದ್ಧತಿ ಏನಿತ್ತು? ಕಾಫಿ ಮಾರಿದ ಮೇಲೆ ಬಟವಾಡೆ. ಅಲ್ಲಿಯವರೆಗೆ ಸಂತೆಗೆ ಅಂತ ಚೂರುಪಾರು ಕೊಡುವುದು. ಎಲ್ಲರೂ ಹೀಗೇ ಮಾಡುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕೂಲಿಯವರು ಅಲ್ಲಿಯವರೆಗೆ ಅಂಗಡಿಯಲ್ಲಿ ಸಾಲ ಬರೆಸುತ್ತಿದ್ದುದು ನನಗೆ ಗೊತ್ತಿಲ್ಲದೆ ಏನಲ್ಲ.

ಮರುವರ್ಷ ಕೊಯ್ಲಿಗೆ ಮೊದಲೇ ಕರಿಮೆಣಸು ಮಾರಿ ಕೂಲಿಗೆ ದುಡ್ಡು ತೆಗೆದಿಟ್ಟೆ. ಮೆಣಸಿಗೆ ಇನ್ನೂ ಒಳ್ಳೆ ರೇಟು ಬರುತ್ತಿತ್ತು, ಹೆಂಡತಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ. ಈಗ ಸಂಜೆ ಹಣ್ಣು ತೂಗಿ, ಕೇಜಿ ಲೆಕ್ಕ ಹಾಕಿ, ಅಲ್ಲೇ ಕೈಗೆ ಕೊಡುತ್ತೇನೆ. ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿ ತೋಟದ ಯಜಮಾನ ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ದಿನದ ಕೂಲಿ ಕೊಡುತ್ತಾನಲ್ಲ, ಅಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ಇನ್ನೊಂದು ಬೇಲಿಯ ವಿಷಯ. ಪಕ್ಕದ ತೋಟದ ಅಕ್ಕನ ಗಂಡ ತೀರಿಕೊಂಡು ಮೂರು ವರ್ಷ. ಮಕ್ಕಳು ಚಿಕ್ಕವರು. ಮಳೆಗೆ ಬರೆಯ ಮಣ್ಣು ಜರಿದ ಮೇಲೆ ಗಡಿಯ ಬಗ್ಗೆ ಜಗಳ ಶುರುವಾಗಿತ್ತು. 22ನೇ ತಾರೀಖು ಜ್ಞಾನೋಕ್ತಿಯ 22ನೇ ಅಧ್ಯಾಯ ಓದುತ್ತೇನೆ, ಹಿರಿಯರು ನೆಟ್ಟ ಗಡಿಕಲ್ಲನ್ನು ಸರಿಸಬೇಡ ಅಂತಿದೆ. ಖುಷಿಯಾಯಿತು. ಫೋಟೋ ತೆಗೆದು ಅವರಿಗೆ ವಾಟ್ಸಾಪ್ ಮಾಡೋಣ ಅಂತಲೂ ಅನಿಸಿತು. ಸದ್ಯ, ಮಾಡಲಿಲ್ಲ. ಮರುದಿನ 23ನೇ ಅಧ್ಯಾಯದಲ್ಲಿ ಮತ್ತೆ ಅದೇ ಮಾತು. ಅದಕ್ಕೆ ಒಂದು ಬಾಲ ಬೇರೆ: ತಂದೆಯಿಲ್ಲದವರ ಹೊಲಕ್ಕೆ ಕಾಲಿಡಬೇಡ.

ಸರ್ವೆಯವರನ್ನು ಕರೆಸಿದೆ. ಹಳೇ ಕಲ್ಲು ಸಿಕ್ಕಿತು. ನಮ್ಮ ಬೇಲಿಯೇ ಆಚೆ ಹೋಗಿತ್ತು, ಬಹುಶಃ ಅಪ್ಪನ ಕಾಲದಲ್ಲೇ. ಬೇಲಿ ಹಿಂದಕ್ಕೆ ಹಾಕಿಸಿದೆ. "ಹೋಗಲಿ ಬಿಡಿ" ಅಂದರು ಅಕ್ಕ. ಅಷ್ಟೇ, ಮಾತು ಇನ್ನೂ ಜಾಸ್ತಿ ಇಲ್ಲ.

ರೇಟಿನ ಪ್ರಶ್ನೆಗೆ ಬೈಬಲ್‌ನಲ್ಲಿ ಉತ್ತರ ಹುಡುಕುವುದನ್ನು ಬಿಟ್ಟೆ. ಅದಕ್ಕೆ ಪೇಪರ್ ಇದೆ, ವ್ಯಾಪಾರಿಗಳಿದ್ದಾರೆ. ಬೇಲಿಯಾಚೆ ಹೋದ ಆರು ಗಿಡ ಈ ಸಲ ಚೆನ್ನಾಗಿ ಹಿಡಿದಿವೆ. ಹಣ್ಣು ಅಕ್ಕನ ಕಣದಲ್ಲಿ ಒಣಗುತ್ತಿದೆ. ನೋಡಿದಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.